ಪ್ರಶ್ನೆಯ ಕರಡೇ ನಿಜವಾದ ಪಾಠ

ಸಂಸದರ ಕಚೇರಿಗೆ ತರಬೇತಿಗೆ ಸೇರಿದವರಿಗೆ ಫೋನ್ ಎತ್ತುವುದು, ಟಪಾಲು ಬರೆದುಕೊಳ್ಳುವುದಷ್ಟೇ ಕೆಲಸ ಎಂದು ಹಲವರು ಅಂದುಕೊಂಡಿದ್ದಾರೆ. ಅದು ಅರ್ಧ ಮಾತ್ರ. ಅಧಿವೇಶನ ಹತ್ತಿರ ಬಂದಾಗ ಸಂಸದರು ಲೋಕಸಭೆಯಲ್ಲಿ ಸಚಿವರಿಗೆ ಕೇಳುವ ಪ್ರಶ್ನೆಗಳ ಕರಡು ತಯಾರಿಸುವುದೂ ಬಹಳಷ್ಟು ಸಲ ಇವರ ಮೇಜಿಗೇ ಬರುತ್ತದೆ.

ಮೊದಲು ವೇಳಾಪಟ್ಟಿ ನೋಡಿ, ಯಾವ ಸಚಿವಾಲಯ ಯಾವ ದಿನ ಉತ್ತರಿಸುತ್ತದೆ ಎಂದು ಗುರುತು ಹಾಕಿಕೊಳ್ಳಬೇಕು. ಪ್ರಶ್ನೆಯ ನೋಟಿಸಿಗೆ ಪೂರ್ಣ 15 ದಿನ ಬೇಕು. ಕೊಟ್ಟ ದಿನವೂ ಉತ್ತರದ ದಿನವೂ ಈ ಲೆಕ್ಕಕ್ಕೆ ಸೇರುವುದಿಲ್ಲ. ಹೊಸಬರು ಎಡವುವುದು ಇಲ್ಲೇ. ಪ್ರಶ್ನೆ 150 ಪದ ಮೀರಬಾರದು. ವಾದ, ಆರೋಪ, ವ್ಯಂಗ್ಯ ಇದ್ದರೆ ತಿರಸ್ಕೃತ. ಪೊಲೀಸ್ ಠಾಣೆ, ಕಂದಾಯ ದಾಖಲೆಯಂಥ ರಾಜ್ಯದ ವಿಷಯಗಳೂ ಹಾಗೆಯೇ. ಕೇಂದ್ರದ ವಿಷಯಗಳಾದ ರೈಲ್ವೆ ಕೆಳಸೇತುವೆ, ರಾಷ್ಟ್ರೀಯ ಹೆದ್ದಾರಿ ಬಗ್ಗೆ ಕೇಳಿ, ಧಾರಾಳವಾಗಿ ಕೇಳಿ.

ಸಚಿವರು ಸದನದಲ್ಲಿ ಬಾಯಿಮಾತಿನಲ್ಲಿ ಉತ್ತರಿಸುವ ಚುಕ್ಕೆ ಗುರುತಿನ ಪ್ರಶ್ನೆಗಳು ದಿನಕ್ಕೆ 20 ಮಾತ್ರ, ಅದೂ ಚೀಟಿ ಎತ್ತಿದ ಅದೃಷ್ಟ. ಅಂಕಿಅಂಶ ಬೇಕಿದ್ದರೆ ಲಿಖಿತ ಉತ್ತರ ಬರುವ, ಚುಕ್ಕೆ ಗುರುತಿಲ್ಲದ ಪ್ರಶ್ನೆಯೇ ವಾಸಿ: ಜಿಲ್ಲಾವಾರು, ವರ್ಷವಾರು ಎಂದು ಬಿಡಿಸಿ ಕೇಳಿ, ಇಲ್ಲದಿದ್ದರೆ ಇಡೀ ರಾಜ್ಯದ್ದೊಂದು ಮೊತ್ತ ಬಂದು ಕೂರುತ್ತದೆ. ಹಳೆಯ ಉತ್ತರಗಳು ಲೋಕಸಭೆಯ ಜಾಲತಾಣದಲ್ಲೇ ಇವೆ. ಬರೆಯುವ ಮೊದಲು ಹುಡುಕಿ. ಈಗಾಗಲೇ ಉತ್ತರಿಸಿದ್ದನ್ನೇ ಮತ್ತೆ ಕೇಳಿದರೆ ಒಪ್ಪುವುದಿಲ್ಲ.