ಪಿಸುಮಾತಿನ ಗ್ಯಾಲರಿಯಲ್ಲಿ ಒಂದು ಸೀಟಿ

ಗೋಲ್ ಗುಂಬಜಿನ ಒಳಗೆ ಕೂಗಬಾರದು. ಈ ಮಾತನ್ನು ಅಲ್ಲಿನ ಕಾವಲುಗಾರ ಕೂಗಿಯೇ ಹೇಳುತ್ತಾನೆ. ಯಾರೂ ಕೇಳದಿದ್ದಾಗ ಸೀಟಿ ಊದುತ್ತಾನೆ. ಆ ಸೀಟಿ ಗುಮ್ಮಟದೊಳಗೆ ಏಳು ಸಲ ತಿರುಗಿ ಬರುತ್ತದೆ. ಮಕ್ಕಳಿಗೆ ಖುಷಿಯೋ ಖುಷಿ. ಇನ್ನೊಂದು ಸಲ ಊದಲಿ ಅಂತ ಮತ್ತೂ ಜೋರಾಗಿ ಕಿರುಚುತ್ತವೆ. ಪಾಪ, ಅವನೂ ಊದುತ್ತಾನೆ. ನಾನು ಮೇಲಿದ್ದ ಮುಕ್ಕಾಲು ಗಂಟೆಯಲ್ಲಿ ಈ ಜುಗಲ್‌ಬಂದಿ ಒಮ್ಮೆಯೂ ತಾಳ ತಪ್ಪಲಿಲ್ಲ.

ಆ ಜಾಗದ ಹೆಸರು ಪಿಸುಮಾತಿನ ಗ್ಯಾಲರಿ.

ನಾನೂ ನಮ್ಮ ಮನೆಯವಳೂ ವಿಜಯಪುರಕ್ಕೆ ಹೋಗಿದ್ದು ಡಿಸೆಂಬರಿನಲ್ಲಿ. ಡಿಸೆಂಬರ್ ಅಂದರೆ ಶೈಕ್ಷಣಿಕ ಪ್ರವಾಸದ ತಿಂಗಳು ಅನ್ನುವುದು ನಮಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ರೈಲಿಳಿದು ಟಾಂಗಾ ಹತ್ತಿದೆವು. ಗುಂಬಜನ್ನು ಕೊನೆಗೆ ಇಟ್ಟುಕೊಂಡು, ಮೊದಲು ಊರಿನ ಪಡುವಣ ಬದಿ ಮುಗಿಸೋಣ ಅಂದೆ. ಟಾಂಗಾದವನು ಒಪ್ಪಿದ. ಒಪ್ಪಿ, ಕೇಳದೆಯೇ ಒಂದು ಸಲಹೆಯನ್ನೂ ಕೊಟ್ಟ.

"ಗುಂಬಜ್ದಾಗ ಹೋಗಿ ಗಟ್ಟ್ಯಾಗಿ ಒದರ್ರಿ ಸರ್ರ. ಒದರದ ಬಂದ್ರ ರೊಕ್ಕ ದಂಡ ನೋಡ್ರಿ."

ಲೆಕ್ಕ ಹಾಕಿದರೆ ಅವನ ಮಾತು ಸರಿ. ಟಿಕೆಟ್ಟು 25 ರೂಪಾಯಿ, ಪ್ರತಿಧ್ವನಿ ಏಳು. ಒಂದಕ್ಕೆ ಮೂರೂವರೆ ರೂಪಾಯಿ ಬಿತ್ತು. ಎರಡು ಸಲ ಕೂಗಿದರೆ ಅದು ಅರ್ಧಕ್ಕೆ ಇಳಿಯುತ್ತದೆ. ಹತ್ತು ಸಲ ಕೂಗಿದರೆ ಹೆಚ್ಚುಕಡಿಮೆ ಬಿಟ್ಟಿ. ವಿದೇಶಿಯರು 300 ರೂಪಾಯಿ ಕೊಟ್ಟು ಬಂದು, ಕಿವಿ ಮುಚ್ಚಿಕೊಂಡು ಸುಮ್ನೆ ನಿಂತಿರುತ್ತಾರೆ. ದುಡ್ಡಿನ ಬೆಲೆ ಗೊತ್ತಿಲ್ಲದ ಜನ.

ಮೊದಲು ಇಬ್ರಾಹಿಂ ರೋಜಾ. ಇದಕ್ಕೆ ದಕ್ಷಿಣದ ತಾಜ್ ಮಹಲ್ ಅನ್ನುವ ಬಿರುದಿದೆ. ಎರಡನೇ ಇಬ್ರಾಹಿಂ ಆದಿಲ್‌ಶಾಹ ತೀರಿಕೊಂಡು ಇಲ್ಲಿ ಮಣ್ಣಾಗಿದ್ದು 1627ರಲ್ಲಿ. ಆಗ್ರಾದಲ್ಲಿ ತಾಜ್ ಮಹಲಿನ ಕೆಲಸ ಶುರುವಾಗಿದ್ದು 1632ರಲ್ಲಿ. ಅಣ್ಣನನ್ನು ಹುಟ್ಟದ ತಮ್ಮನ ಹೆಸರಿನಿಂದ ಗುರುತಿಸಿದ ಹಾಗಾಯಿತು. ತಾಜ್ ಮಹಲನ್ನು ಉತ್ತರದ ಇಬ್ರಾಹಿಂ ರೋಜಾ ಅಂತ ಕರೆದವರನ್ನು ನಾನಂತೂ ಕಂಡಿಲ್ಲ. ಅದಿರಲಿ. ಕಲ್ಲಿನಲ್ಲಿ ಅಕ್ಷರಗಳನ್ನೇ ಜಾಲರಿ ಮಾಡಿ ಕಿಟಕಿಗೆ ಕೂರಿಸಿದ ಆ ಜಾಗದಲ್ಲಿ ನಾವಿಬ್ಬರು, ಎರಡು ಗಿಳಿ, ಒಬ್ಬ ತೋಟದ ಕೆಲಸದವನು, ಇಷ್ಟೇ ಜನ. ಇಷ್ಟು ಚೆಂದದ ಕಟ್ಟಡಕ್ಕೆ ಯಾಕೆ ಯಾರೂ ಬರಲ್ಲ ಅಂತ ಟಾಂಗಾದವನನ್ನು ಕೇಳಿದೆ.

"ಅಲ್ಲಿ ಒದರಿದ್ರ ತಿರುಗಿ ಬರೂದಿಲ್ಲಲ್ರಿ" ಅಂದ.

ಅಲ್ಲಿಂದ ಮಲಿಕ್-ಎ-ಮೈದಾನ್ ತೋಪು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು. ತೂಕ 55 ಟನ್. ಆನೆಯನ್ನು ಅಗಿಯುತ್ತಿರುವ ಸಿಂಹದ ಬಾಯಿ. ಇದನ್ನು ಇಲ್ಲಿಗೆ ಎಳೆದು ತರಲು ಹತ್ತು ಆನೆ, 400 ಎತ್ತು ಬೇಕಾದವು ಅಂತಾರೆ. ಇಂಥದ್ದನ್ನು 1854ರಲ್ಲಿ ಬ್ರಿಟಿಷ್ ಸರ್ಕಾರ, ಕೆಲಸಕ್ಕೆ ಬಾರದ ಸಾಮಾನು ಅಂತ ಹರಾಜಿಗಿಟ್ಟಿತು. ಬಂದ ಹೆಚ್ಚಿನ ಬೆಲೆ 150 ರೂಪಾಯಿ. ಎತ್ತುಗಳ ಹುಲ್ಲಿನ ಖರ್ಚೂ ಗಿಟ್ಟುತ್ತಿರಲಿಲ್ಲ. ಅಷ್ಟರಲ್ಲಿ ಒಬ್ಬ ಅಧಿಕಾರಿಗೆ ಬುದ್ಧಿ ಬಂದು ಮಾರಾಟ ನಿಂತಿತು. ಇಲ್ಲದಿದ್ದರೆ ಇಷ್ಟು ಹೊತ್ತಿಗೆ ಅದು ಯಾರ ಮನೆಯ ಬಿಂದಿಗೆ ಆಗಿರುತ್ತಿತ್ತೋ.

ತೋಪಿನ ಪಕ್ಕ ಒಂದು ನೀರಿನ ತೊಟ್ಟಿ. ಬತ್ತಿಗೆ ಬೆಂಕಿ ಮುಟ್ಟಿಸಿದವನು ತಕ್ಷಣ ಅದರಲ್ಲಿ ಮುಳುಗಬೇಕಿತ್ತಂತೆ, ಕಿವಿ ಉಳಿಸಿಕೊಳ್ಳಲು. ತಮಾಷೆಯಾಗಿದೆ ಅಲ್ವಾ ಅಂತ ನಾವಿಬ್ಬರೂ ನಕ್ಕೆವು. ಆ ತೊಟ್ಟಿಯ ಬೆಲೆ ಆಗ ಗೊತ್ತಾಗಲಿಲ್ಲ.

ಮಧ್ಯಾಹ್ನ ಗುಂಬಜ್. ಹೊರಗೆ ಹನ್ನೊಂದು ಬಸ್ಸು.

ಮೂಲೆಗೊಂದು ಏಳಂತಸ್ತಿನ ಗೋಪುರ. ಮೆಟ್ಟಿಲು ಇಕ್ಕಟ್ಟು. ಹತ್ತುವವರಿಗೂ ಇಳಿಯುವವರಿಗೂ ಅದೇ ದಾರಿ. ಇಳಿಯುತ್ತಿದ್ದವನೊಬ್ಬನ ಗಂಟಲು ಕಟ್ಟಿತ್ತು. "ಸೂಪರ್ ಸರ್, ಹೋಗಿ" ಅಂದಿದ್ದು ಗೊಗ್ಗರು ದನಿಯಲ್ಲಿ. ಮೇಲೆ ಹೋಗಿ ಒಳಗೆ ಕಾಲಿಟ್ಟೆವು.

ಮೊದಲು ಕಟ್ಟಡದ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ, ಅಲ್ಲಿ ಅದನ್ನು ಕೇಳಿಸಿಕೊಳ್ಳಲು ಆಗಲಿಲ್ಲ. ಹೊರಗಿನ ಅಳತೆಯಲ್ಲಿ 44 ಮೀಟರ್ ಅಡ್ಡಗಲದ ಗುಮ್ಮಟ. ಕೆಳಗೆ ಒಂದೇ ಒಂದು ಕಂಬವಿಲ್ಲ. ಒಂದನ್ನೊಂದು ಕತ್ತರಿಸಿ ಹಾಯುವ ಕಮಾನುಗಳು ಆ ಭಾರವನ್ನೆಲ್ಲ ಗೋಡೆಗೆ ಇಳಿಸುತ್ತವೆ. ದುಂಡನೆಯ ಗೋಡೆಗುಂಟ ಸದ್ದು ಜಾರಿಕೊಂಡು ಹೋಗಿ, ಸುಮಾರು 38 ಮೀಟರ್ ಆಚೆ ಎದುರಿಗೆ ನಿಂತವರ ಕಿವಿಗೆ ಬೀಳುತ್ತದೆ. ಬಾಯಿ ಗೋಡೆಗೆ, ಕಿವಿ ಗೋಡೆಗೆ. ಅಷ್ಟೇ ಸಾಕು. ಕಿರುಚುವ ಅಗತ್ಯವೇ ಇಲ್ಲದ ಕಟ್ಟಡ ಈ ನಾಡಿನಲ್ಲಿ ಇದೊಂದೇ ಇರಬೇಕು. ಅಲ್ಲಿಗೇ ಹೋಗಿ ಕಿರುಚುತ್ತೇವೆ.

ಏನೇನು ಕಿರುಚುತ್ತಾರೆ ಅನ್ನುವುದನ್ನೂ ದಾಖಲಿಸಬೇಕು. ಒಬ್ಬ ತನ್ನ ಹೆಸರನ್ನೇ ಕೂಗಿಕೊಂಡ. ಏಳು ಸಲ ಯಾರೋ ಕರೆದ ಹಾಗಾಗಿ ಹಿಗ್ಗಿದ. ಒಬ್ಬ "ಹಲೋ, ಮೈಕ್ ಟೆಸ್ಟಿಂಗ್" ಅಂದ. ಹೈಸ್ಕೂಲು ಹುಡುಗರ ಗುಂಪೊಂದು "ಈ ಸಲ ಕಪ್ ನಮ್ದೇ" ಅಂತು. ಅದು ನಿಜವಾಗಲು ಬೆಂಗಳೂರು ತಂಡಕ್ಕೆ 18 ಸೀಸನ್ ಬೇಕಾಯಿತು, ಇಲ್ಲಿ ಒಂದೇ ಉಸಿರಿಗೆ ಏಳು ಕಪ್ ಬಂದವು. ಇನ್ನೊಬ್ಬ ಹುಡುಗ ಗೆಳೆಯನ ಅಪ್ಪನ ಹೆಸರು ಹಿಡಿದು ಕೂಗಿದ. ಆ ಗೆಳೆಯ ಬಿಟ್ಟಾನೆಯೇ? ಇವನ ಅಪ್ಪನ ಹೆಸರನ್ನು ಕೂಗಿದ. ಇಬ್ಬರ ಅಪ್ಪಂದಿರೂ ಗುಮ್ಮಟದೊಳಗೆ ಅರ್ಧ ನಿಮಿಷ ಗಿರಕಿ ಹೊಡೆದರು. ಮೇಷ್ಟ್ರು "ಸೈಲೆನ್ಸ್!" ಅಂತ ಗುಡುಗಿದರು. ಮುಂದಿನ ಒಂದಷ್ಟು ಹೊತ್ತು ಅಲ್ಲಿ ಸೈಲೆನ್ಸ್ ಅನ್ನುವ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ.

ಗೈಡೊಬ್ಬರು ಬೆಂಕಿಪೊಟ್ಟಣ ಹಿಡಿದು ನಿಂತಿದ್ದರು. ಆಚೆ ಕಡೆ ಕಡ್ಡಿ ಗೀರಿದರೆ ಈಚೆ ಕಡೆ ಕೇಳಿಸುವುದನ್ನು ತೋರಿಸಬೇಕು, ಅದು ಅವರ ಹೊಟ್ಟೆಪಾಡು. "ಏ, ಸುಮ್ ಕುಂದರ್ರಪಾ! ಪಿಸುಮಾತು ತೋರಸ್ತೀನಿ!" ಅಂತ ಒದರಿ ಒದರಿ ಅವರ ಕತ್ತಿನ ನರ ಉಬ್ಬಿತ್ತು. ಆಚೆ ಕಡೆಯ ಹುಡುಗ ಇಡೀ ಪೊಟ್ಟಣ ಗೀರಿ ಮುಗಿಸಿದ. ಕೇಳಿಸಿತಾ ಅಂತ ಗೈಡ್ ಕೇಳಿದರು. ಎಲ್ಲರೂ ಹೂಂ ಅಂದೆವು. ಇನ್ನೇನು ಅನ್ನುವುದು?

ಹಾಗೆ ನೋಡಿದರೆ ಕೂಗುವವರನ್ನು ಬೈಯುವುದು ತಪ್ಪೇನೋ. 1656ರಲ್ಲಿ ಕಟ್ಟಿದ ಕಟ್ಟಡ. ಪ್ರತಿಧ್ವನಿ ಇನ್ನೂ ಏಳು ಬರುತ್ತದೋ, ಆರಕ್ಕೆ ಇಳಿದಿದೆಯೋ ಅಂತ ಯಾರಾದರೂ ನೋಡಬೇಕಲ್ಲ? ಸಾರ್ವಜನಿಕರೇ ಕೈಯಿಂದ ದುಡ್ಡು ಕೊಟ್ಟು ದಿನಾ ಪರೀಕ್ಷೆ ಮಾಡುತ್ತಿದ್ದಾರೆ. ಒಬ್ಬರ ವರದಿಯನ್ನು ಇನ್ನೊಬ್ಬರು ನಂಬುವುದಿಲ್ಲ. ಪ್ರತಿಯೊಬ್ಬರೂ ಮೊದಲಿನಿಂದ ಶುರು ಮಾಡುತ್ತಾರೆ.

ಕಟಕಟೆ ಹಿಡಿದು ಕೆಳಗೆ ಬಗ್ಗಿ ನೋಡಿದೆ. ನಡುವೆ ಕಟ್ಟೆ, ಕಟ್ಟೆಯ ಮೇಲೆ ಸಾಲಾಗಿ ಗೋರಿಗಳು. ಮೊಹಮ್ಮದ್ ಆದಿಲ್‌ಶಾಹ ಮತ್ತು ಅವನ ಮನೆಯವರು ಇದರ ನೇರ ಕೆಳಗೆ ನೆಲಮಾಳಿಗೆಯಲ್ಲಿ ಮಲಗಿದ್ದಾರೆ. ನಮ್ಮ ಕಡೆ ಸಾವಿನ ಮನೆಗೆ ಹೋದರೆ ಚಪ್ಪಲಿಯ ಸದ್ದೂ ಆಗದ ಹಾಗೆ ನಡೆಯುತ್ತೇವೆ. ಇಲ್ಲೂ ಸತ್ತವರಿದ್ದಾರೆ, ಆದರೆ ಟಿಕೆಟ್ ತಗೊಂಡಿದ್ದೇವೆ.

ಅವನ ಸಾವಿನ ವರ್ಷವನ್ನು ದಕ್ಷಿಣದ ಬಾಗಿಲ ಮೇಲೆ ಪಾರ್ಸಿಯಲ್ಲಿ ಕೆತ್ತಿದ್ದಾರೆ. ನೇರವಾಗಿ ಅಲ್ಲ. ಮೂರು ಸಾಲು. ಆ ಲಿಪಿಯಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆಯ ಬೆಲೆ. ಯಾವ ಸಾಲಿನ ಅಕ್ಷರಗಳ ಬೆಲೆ ಕೂಡಿದರೂ ಹಿಜರಿ 1067 ಬರುತ್ತದೆ, ಅಂದರೆ 1656. ಬರೆದವನು ಎಷ್ಟು ರಾತ್ರಿ ಎಣ್ಣೆ ಸುಟ್ಟನೋ. ಅದನ್ನು ತಲೆಯೆತ್ತಿ ನೋಡಿದವರು ಒಬ್ಬರೂ ಇರಲಿಲ್ಲ. ಮೆಟ್ಟಿಲ ಗೋಡೆಯ ಮೇಲೆ ಮೊಳೆಯಿಂದ ಗೀಚಿದ ಹೃದಯ, ಅದರೊಳಗಿನ ಎರಡು ಅಕ್ಷರ, ನಡುವಿನ ಕೂಡಿಸುವ ಚಿಹ್ನೆ ಮಾತ್ರ ಎಲ್ಲರೂ ಓದುತ್ತಿದ್ದರು. ಇಂಥ ಸ್ಮಾರಕಗಳನ್ನು ಕೆಡಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಅಂತ ಕಾಯ್ದೆ ಇದೆ. ಇಲ್ಲಿ ಆರೋಪಿಗಳು ಹೆಸರು, ಊರು, ತಾರೀಖು ತಾವೇ ಬರೆದಿಟ್ಟಿದ್ದಾರೆ. ಒಬ್ಬ ಮೊಬೈಲ್ ನಂಬರನ್ನೂ ಕೊಟ್ಟಿದ್ದಾನೆ. ಇಷ್ಟು ಸಲೀಸಾದ ಕೇಸು ಪೊಲೀಸರಿಗೆ ಜನ್ಮದಲ್ಲಿ ಸಿಗಲಾರದು.

ಇಷ್ಟೆಲ್ಲ ಆದಮೇಲೂ ಒಂದು ಪಿಸುಮಾತು ಆಡದೆ ಹೋಗಬಾರದು ಅಂತ ನನಗೆ ಹಟ. ಮನೆಯವಳನ್ನು ಎದುರು ಬದಿಗೆ ಕಳಿಸಿದೆ. ಜನರನ್ನು ಸರಿಸಿಕೊಂಡು ಹೋಗಿ ಗೋಡೆಗೆ ಕಿವಿ ಹಚ್ಚಿ ಕೂತಳು. ನಾನು ಗೋಡೆಗೆ ಮುಖ ಮಾಡಿ ಕಾಯ್ದೆ. ಬೆಳಿಗ್ಗೆ ನೋಡಿದ ತೊಟ್ಟಿ ಪದೇ ಪದೇ ನೆನಪಾಗುತ್ತಿತ್ತು. ಕೊನೆಗೆ ಒಂದು ಶಾಲೆ ಇಳಿದು, ಇನ್ನೊಂದು ಶಾಲೆ ಇನ್ನೂ ಮೆಟ್ಟಿಲಲ್ಲಿರುವ ಒಂದು ಸಂದು ಸಿಕ್ಕಿತು.

"ಮೂವತ್ತು ವರ್ಷ ನನ್ನನ್ನ ಸಹಿಸ್ಕೊಂಡಿದ್ದೀಯ ಕಣೇ" ಅಂತ ಪಿಸುಗುಟ್ಟಿದೆ.

ಜೇಬಿನಲ್ಲಿದ್ದ ಫೋನು ಹೊಡೆದುಕೊಂಡಿತು. ರಿಂಗ್‌ಟೋನು ಏಳು ಸಲ ಸುತ್ತಿ ಬಂತು.

"ರೀ, ಏನೋ ಅಂದ್ರಲ್ಲ, ಕೇಳಿಸ್ಲೇ ಇಲ್ಲ. ಸ್ವಲ್ಪ ಜೋರಾಗಿ ಹೇಳಿ."

ಜೋರಾಗಿ ಹೇಳಿದೆ. ಹಿಂದಿನಿಂದ ಸೀಟಿ ಬಿತ್ತು.