ಸ್ಪಷ್ಟನೆ: ಎಲ್‌ಇಡಿ ಸರಕ್ಕೆ ಬೆಂಕಿಯ ಭಯವಿಲ್ಲ ಎಂಬುದು ತಪ್ಪು

‘ಎಲ್‌ಇಡಿ ಸರ ಬಿಸಿಯಾಗುವುದಿಲ್ಲ, ಎಷ್ಟು ಬೇಕಾದರೂ ಜೋಡಿಸಿ, ರಾತ್ರಿಯಿಡೀ ಹಚ್ಚಿಡಿ’ ಎಂಬ ಸಂದೇಶ ಕ್ರಿಸ್‌ಮಸ್ ಹೊತ್ತಿಗೆ ಬೆಳಗಾವಿಯ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ದಯವಿಟ್ಟು ನಂಬಬೇಡಿ.

ದೀಪ ಹೆಚ್ಚು ಬಿಸಿಯಾಗುವುದಿಲ್ಲ, ನಿಜ. ಬಿಸಿಯೇರುವುದು ವೈರು ಮತ್ತು ಸಡಿಲ ಜೋಡಣೆ. ಒಂದರ ತುದಿಗೆ ಇನ್ನೊಂದು ಸರ ಸಿಕ್ಕಿಸುತ್ತ ಹೋದರೆ ಎಲ್ಲದರ ಕರೆಂಟೂ ಮೊದಲ ಸರದ ತೆಳು ವೈರಿನಲ್ಲೇ ಹರಿಯುತ್ತದೆ. ಮನೆಯ ದೀಪದ ಲೈನಿನ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನಾಗಿ ಆರುವ ಸ್ವಿಚ್) ಸಾಮಾನ್ಯವಾಗಿ 6 ಅಥವಾ 10 ಆಂಪಿಯರಿನದು. ಸರದ ತೆಳು ವೈರು ಕರಗುವಷ್ಟು ಕಾದರೂ ಈ ಸ್ವಿಚ್ ಟ್ರಿಪ್ ಆಗದೇ ಇರಬಹುದು. ಡಬ್ಬಿಯ ಮೇಲೆ ಬರೆದಷ್ಟೇ ಸರ ಜೋಡಿಸಿ. ಏನೂ ಬರೆದಿಲ್ಲವೇ? ಒಂದು ಪ್ಲಗ್ಗಿಗೆ ಒಂದೇ ಸರ. ಉಳಿದ ವೈರನ್ನು ಸುರುಳಿ ಸುತ್ತಿ ಪರದೆಯ ಹಿಂದೆ ತುರುಕಬೇಡಿ.

ನಮಗೆ ಹೆಚ್ಚು ಆತಂಕ ಸರ ಕಟ್ಟುವ ಕಿಟಕಿಯ ಕಬ್ಬಿಣದ ಸರಳುಗಳದ್ದು. ಅಗ್ಗದ ಸರಗಳಲ್ಲಿ ಬಹಳಷ್ಟಕ್ಕೆ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ವೈರು ಸುಲಿದರೆ 230 ವೋಲ್ಟ್ ನೇರ ಸರಳಿಗೆ. ಮುಂಜಾನೆಯ ಇಬ್ಬನಿಗೆ ಟೇಪ್ ಸುತ್ತಿದ ಜೋಡಣೆಯೊಳಗೂ ತೇವ ಇಳಿಯುತ್ತದೆ. ಹೊರಗಡೆಗೆ ಐಪಿ65 ಗುರುತಿನ (ದೂಳು, ನೀರು ಒಳಹೋಗದ) ಸರ ತನ್ನಿ, ಪ್ಲಗ್ ಮನೆಯೊಳಗೇ ಇರಲಿ, ಮೊಳೆಯ ಬದಲು ಪ್ಲಾಸ್ಟಿಕ್ ಕೊಂಡಿ ಬಳಸಿ. 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇಲ್ಲದಿದ್ದರೆ ಹಬ್ಬಕ್ಕೆ ಮುಂಚೆಯೇ ಹಾಕಿಸಿ.

ಕಾಗದದ ನಕ್ಷತ್ರದೊಳಗೆ 60 ವ್ಯಾಟಿನ ಹಳೇ ಬಲ್ಬು ಬೇಡವೇ ಬೇಡ. 5 ವ್ಯಾಟಿನ ಎಲ್‌ಇಡಿ ಸಾಕು, ಅದೂ ಕಾಗದಕ್ಕೆ ತಾಗದಂತೆ. ಗೋದಲಿಯ ಒಣಹುಲ್ಲಿನ ಹತ್ತಿರ ಮೇಣದಬತ್ತಿ ಇಡಬೇಡಿ.

ಸುಟ್ಟ ವಾಸನೆ ಬಂದರೆ ಮೊದಲು ಮೇನ್ ಸ್ವಿಚ್ ಆರಿಸಿ, ನೀರು ಹಾಕಬೇಡಿ. ಮಲಗುವ ಮುನ್ನ ಪ್ಲಗ್ ಕಿತ್ತಿಡಿ.