ಕಿರುಬೆರಳುದ್ದದ ಗೀರು

ಕಾರಿಗೆ ಮನೆಯಲ್ಲೇ ಬಣ್ಣ ಹೊಡೆಯಲು ಹೊರಟವರು ಗೀರನ್ನು ಅಳೆಯುತ್ತಾರೆಯೇ ಹೊರತು ಬಾಗಿಲನ್ನು ಅಳೆಯುವುದಿಲ್ಲ. ಶಿವಮೊಗ್ಗದಲ್ಲಿರುವ ನಮ್ಮ ಭಾವನವರ ಬೆಳ್ಳಿ ಬಣ್ಣದ ಕಾರಿನ ಡ್ರೈವರ್ ಬಾಗಿಲ ಮೇಲೆ ಇದ್ದದ್ದು ಕಿರುಬೆರಳುದ್ದದ ಗೀರು. ‘ಬಾಗಿಲು ಪೂರ್ತಿ ಹೊಡೀಬೇಕಾಗುತ್ತೆ ಸಾರ್’ ಎಂದ ಪೇಂಟರನ ಮಾತನ್ನು ಹಣ ಕೀಳುವ ಹುನ್ನಾರವೆಂದು ತೀರ್ಮಾನಿಸಿದ ಅವರು, ಕಾರಿನ ಚೀಟಿಯಲ್ಲಿದ್ದ ಬಣ್ಣದ ಕೋಡನ್ನು ಬರೆದುಕೊಂಡು ಹೋಗಿ ಸ್ಪ್ರೇ ಡಬ್ಬಿ ತಂದರು. ಹಲಸಿನ ಹಣ್ಣಿನ ಆಸೆಗೆ ಅಕ್ಕನ ಮನೆಗೆ ಹೋಗಿದ್ದ ನನ್ನ ಕೈಗೆ ಸಿಕ್ಕಿದ್ದು ಹಳೆಯ ಪತ್ರಿಕೆಗಳು ಮತ್ತು ಮಾಸ್ಕಿಂಗ್ ಟೇಪು.

ಮೊದಲ ಪದರಕ್ಕೇ ಬಣ್ಣ ಇಳಿಯಿತು. ಡಬ್ಬಿಯನ್ನು ಒಂದು ಗೇಣಿಗಿಂತ ಹತ್ತಿರ ಹಿಡಿದು ಕೈಯನ್ನು ಒಂದೇ ಕಡೆ ನಿಲ್ಲಿಸಿದರೆ ಅದು ಇಳಿಯದೆ ಇನ್ನೇನು ಮಾಡೀತು? ಇಳಿದ ಬಣ್ಣವನ್ನು ಮುಟ್ಟದೆ ಬಿಟ್ಟು, ಪೂರ್ತಿ ಒಣಗಿ ಗಟ್ಟಿಯಾದ ಮೇಲೆ 1500 ನಂಬರಿನ ವಾಟರ್ ಪೇಪರನ್ನು, ಅಂದರೆ ತೀರ ನಯವಾದ ಉಜ್ಜುಕಾಗದವನ್ನು, ಮರದ ತುಂಡಿಗೆ ಸುತ್ತಿ, ಸೋಪಿನ ನೀರು ಹಾಕಿಕೊಂಡು ಉಬ್ಬಿದಷ್ಟನ್ನೇ ಉಜ್ಜಿ, ಮೇಲೊಂದು ತೆಳು ಪದರ ಕೊಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಹಸಿ ಬಣ್ಣವನ್ನು ನೋಡಿಕೊಂಡು ಸುಮ್ಮನಿರಲು ಬೇಕಾದ ವೈರಾಗ್ಯ ಸಂಸಾರಸ್ಥರಿಗೆ ಎಲ್ಲಿಂದ ಬರಬೇಕು? ಭಾವನವರು ಹಳೆಯ ಬನಿಯನ್ನನ್ನು ಥಿನ್ನರಿನಲ್ಲಿ ಅದ್ದಿ ಒರೆಸಿದರು. ಹೊಸ ಬಣ್ಣದ ಜೊತೆಗೆ ಅಡಿಯ ಪ್ರೈಮರೂ ಎದ್ದು ಬಂದು, ಬನಿಯನ್ನಿನ ನೂಲುಗಳು ಮಾತ್ರ ಅಲ್ಲೇ ಅಂಟಿಕೊಂಡವು. ಗೀರು ಅಂಗೈಯಗಲವಾಯಿತು.

ಎಲ್ಲವನ್ನೂ ಉಜ್ಜಿ ಮತ್ತೆ ಹೊಡೆದಾಗ ಬಣ್ಣದ ತುಂಬ ಸಣ್ಣ ಸಣ್ಣ ಗುಂಡಿಗಳು ಬಿದ್ದವು. ಜಗಲಿಯಲ್ಲಿ ನಿಂತಿದ್ದ ಅಕ್ಕ, ‘ದೋಸೆಗೆ ತೂತು ಚೆನ್ನಾಗಿ ಬಿದ್ದಿದೆ, ಇನ್ನು ಮಗುಚಿ ಹಾಕಿ’ ಎಂದಳು. ಡ್ಯಾಶ್‌ಬೋರ್ಡಿಗೆ ಹಚ್ಚುವ ಪಾಲಿಶಿನಲ್ಲಿ ಸಾಮಾನ್ಯವಾಗಿ ಸಿಲಿಕೋನ್ ಇರುತ್ತದೆ. ಅದರ ಜಿಡ್ಡು ಒಂದಿಷ್ಟು ಉಳಿದಿದ್ದರೂ ಬಣ್ಣ ಅಲ್ಲಿ ನಿಲ್ಲದೆ ಸುತ್ತಲಿಗೆ ಸರಿದುಬಿಡುತ್ತದೆ. ಭಾವನವರು ಪಾಲಿಶಿಗೆ ಬಳಸಿದ ಬಟ್ಟೆಯಲ್ಲೇ ಬಾಗಿಲನ್ನೂ ಭಕ್ತಿಯಿಂದ ಒರೆಸಿದ್ದರು. ಇಂತಹ ಗುಂಡಿಗಳು ಮೇಲಿಂದ ಮೇಲೆ ಬಣ್ಣ ಸುರಿದರೆ ತುಂಬುವಂಥವಲ್ಲ. ಒಣಗಿದ ಮೇಲೆ ಅವುಗಳ ತಳ ಕಾಣುವವರೆಗೆ ಉಜ್ಜಿ, ಜಿಡ್ಡು ತೆಗೆಯುವ ದ್ರಾವಣವನ್ನು ಶುಭ್ರವಾದ ಬಟ್ಟೆಯಲ್ಲಿ ಹಚ್ಚಿ ಒರೆಸಿಯೇ ಮುಂದುವರಿಯಬೇಕು. ಹಾಗೆ ಉಜ್ಜುತ್ತ ಉಜ್ಜುತ್ತ ಅಂಗೈಯಗಲದ ಜಾಗ ಊಟದ ತಟ್ಟೆಯಷ್ಟಾಯಿತು.

ಬಣ್ಣದ ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಕೋಟ್ ಹೊಡೆಯಲು ಅವರು ಆರಿಸಿಕೊಂಡದ್ದು ಜೂನ್ ತಿಂಗಳ ಮಳೆ ಹಿಡಿದ ಸಂಜೆ. ಡಬ್ಬಿಯ ದ್ರಾವಕ ಬೇಗ ಆರುವಾಗ ಲೋಹದ ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಹೊಳೆಯಬೇಕಾದ ಬಾಗಿಲಿಗೆ ಹಾಲು ಬಳಿದಂತೆ ಬಿಳಿ ಮಂಕು ಹಿಡಿಯುತ್ತದೆ. ಆ ಮಂಕಿನ ಮೇಲೆ ಒಂದು ಸೊಳ್ಳೆ ಬಂದು ಕೂತಿತು. ಒಣಗಲು ಬಿಟ್ಟಿದ್ದರೆ ವಾಟರ್ ಪೇಪರಿನ ಒಂದೆರಡು ಉಜ್ಜಿಗೆ ಅದರ ಗುರುತೂ ಉಳಿಯುತ್ತಿರಲಿಲ್ಲ. ಭಾವನವರು ಅಕ್ಕನ ಚಿಮಟದಲ್ಲಿ ಉಸಿರು ಬಿಗಿಹಿಡಿದು ಎತ್ತಿದರು. ಮೈ ಬಂತು, ಕಾಲುಗಳು ಬರಲಿಲ್ಲ. ಮರುದಿನದ ಬಿಸಿಲಿನಲ್ಲಿ ಹೊಡೆದ ಪದರದ ಅಡಿಯಲ್ಲಿ ಅವು ಇಂದಿಗೂ ಸುರಕ್ಷಿತವಾಗಿವೆ.

ಕೊನೆಗೆ ಹೊಸ ಬಣ್ಣದ ಅಂಚು ಗೆರೆಯಾಗಿ ಎದ್ದು ಕಂಡದ್ದರಿಂದ ಬಾಗಿಲು ಪೂರ್ತಿ ಹೊಡೆಯಬೇಕಾಯಿತು, ಅಂದರೆ ಪೇಂಟರ್ ಹೇಳಿದ್ದಷ್ಟೇ ಆಯಿತು. ಬೆಳ್ಳಿ ಬಣ್ಣದೊಳಗಿನ ಲೋಹದ ಚೂರುಗಳು ಹೊಡೆದ ಕೈಗೆ ತಕ್ಕಂತೆ ಮಲಗುವುದರಿಂದ ಕೋಡ್ ಒಂದೇ ಆದರೂ ಬೆಳಕು ಬೇರೆ ಬೇರೆಯಾಗಿ ಹೊಮ್ಮುತ್ತದೆ. ಕತ್ತಲಾದ ಮೇಲೆ ಭಾವನವರ ಬಾಗಿಲಿಗೆ ಯಾವ ದೋಷವೂ ಇಲ್ಲ. ಹಗಲಿನಲ್ಲಿ ಮಾತ್ರ ಅದು ಬೇರೆ ಯಾವುದೋ ಕಾರಿನಿಂದ ಬಿಚ್ಚಿ ತಂದದ್ದರಂತೆ ಕಾಣುತ್ತದೆ. ಹೀಗಾಗಿ ಅವರು ಕಾರಿನ ಬಲಗಡೆಯನ್ನು ಕಾಂಪೌಂಡ್ ಗೋಡೆಗೆ ಒತ್ತಿ ನಿಲ್ಲಿಸಿ, ಎಡಬಾಗಿಲಿನಿಂದ ಹತ್ತಿ, ಪಂಚೆ ಎತ್ತಿ ಕಟ್ಟಿ, ಗೇರ್ ದಾಟಿ ಡ್ರೈವರ್ ಸೀಟನ್ನು ಸೇರುತ್ತಾರೆ.